ಸೋಲಾರ್ ಹಾಕಿಸಿದವರು ಪಕ್ಕದ ಮನೆಯವರನ್ನು ತಾರಸಿಗೆ ಕರೆಯಲಿ

ಮಾನ್ಯ ಸಂಪಾದಕರೇ,

ಮನೆ ಮೇಲೆ ಕರೆಂಟ್ ತಯಾರಿಸುವ ಸೋಲಾರ್ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳನ್ನು ನಾನು ತಪ್ಪದೆ ಓದುತ್ತೇನೆ. ಜನ ಯಾಕೆ ಮುಂದೆ ಬರುತ್ತಿಲ್ಲ ಎಂಬ ಪ್ರಶ್ನೆಗೆ ಎಲ್ಲರೂ ಕೊಡುವ ಉತ್ತರ ಹೆಚ್ಚುಕಡಿಮೆ ಒಂದೇ. ಸಬ್ಸಿಡಿ ಸಾಲದು, ಪ್ರಚಾರ ಸಾಲದು, ಜನರಿಗೆ ಗೊತ್ತಿಲ್ಲ. ನಮ್ಮ ಬೀದಿಯಲ್ಲಿ ನಾನು ಕಂಡಿದ್ದು ಬೇರೆ. ಇಲ್ಲಿ ಜಾಹೀರಾತು ನೋಡಿ ಸೋಲಾರ್ ಹಾಕಿಸಿದವರು ಒಬ್ಬರೂ ಇಲ್ಲ. ಹಾಕಿಸಿದವರೆಲ್ಲ ಇನ್ನೊಬ್ಬರ ತಾರಸಿ ಹತ್ತಿ, ಅವರ ಕರೆಂಟ್ ಬಿಲ್ ಕೈಯಲ್ಲಿ ಹಿಡಿದು ನೋಡಿ, ಮನೆಗೆ ಬಂದು ಯೋಚನೆ ಮಾಡಿದವರು. ಈ ವಿಷಯ ಯಾರೂ ಸರಿಯಾಗಿ ಬರೆಯುತ್ತಿಲ್ಲ ಅನ್ನಿಸಿ ಈ ಪತ್ರ. ಸ್ವಲ್ಪ ಉದ್ದ ಆಗಿದೆ, ದಯವಿಟ್ಟು ಪೂರ್ತಿ ಹಾಕಿ.

ನಾನು ಬ್ಯಾಂಕಿನ ಸಾಲದ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಕತ್ರಿಗುಪ್ಪೆಯಲ್ಲಿ 30-40ರ ಸೈಟಿನಲ್ಲಿ ನಮ್ಮ ಮನೆ. ಕೆಳಗೆ ನಾವು, ಮೇಲೆ ಮಗನ ಸಂಸಾರ, ಎಲ್ಲಕ್ಕೂ ಒಂದೇ ಮೀಟರ್. ಬ್ಯಾಂಕಿನಲ್ಲಿ ಇದ್ದಾಗಲೇ ಒಂದು ವಿಷಯ ಗಮನಿಸಿದ್ದೆ. ಕೌಂಟರಿನ ಮೇಲೆ ಎಷ್ಟೇ ಕರಪತ್ರ ಇಟ್ಟರೂ ಸಾಲ ಕೇಳಿಕೊಂಡು ಬರುವವರ ಮೊದಲ ಮಾತು ಕರಪತ್ರದ್ದಾಗಿರುತ್ತಿರಲಿಲ್ಲ. "ನಮ್ಮ ಪಕ್ಕದ ಮನೆಯವರು ಇಲ್ಲೇ ತಗೊಂಡಿದ್ದಾರೆ ಮೇಡಂ" ಎಂದೇ ಮಾತು ಶುರುವಾಗುತ್ತಿತ್ತು. ಬಡ್ಡಿ ಎಷ್ಟು ಎಂಬ ಪ್ರಶ್ನೆ ಅದರ ನಂತರ.

ನಮ್ಮ ಬೀದಿಯಲ್ಲಿ ಮೊದಲು ಪ್ಯಾನೆಲ್ ಬಂದಿದ್ದು ಮೂಲೆಯ ದೊಡ್ಡ ಮನೆಗೆ. 10 ಕಿಲೋವ್ಯಾಟಿನದು. ತಾರಸಿ ತುಂಬಾ ಪ್ಯಾನೆಲ್. ಬೀದಿಯವರೆಲ್ಲ ನೋಡಿದರು, ಚೆನ್ನಾಗಿದೆ ಅಂದರು, ಅಷ್ಟೇ. ಒಬ್ಬರೂ ಒಳಗೆ ಹೋಗಿ ವಿಚಾರಿಸಲಿಲ್ಲ. "ಅವರಿಗೇನು, ಮೂರು ಕಾರಿದೆ, ಹಾಕಿಸ್ತಾರೆ" ಎಂದು ಮಾತು ಮುಗಿಯಿತು. ಅದಾದ ಎಷ್ಟೋ ದಿನಗಳ ಮೇಲೆ ನಮ್ಮ ಎದುರು ಮನೆಯ ಮೇಷ್ಟ್ರು ಹಾಕಿಸಿದರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ರಿಟೈರ್ ಆದವರು. ಪೆನ್ಷನ್ ಮೇಲೆ ನಡೆಯುವ ಸಂಸಾರ. ಒಂದೊಂದು ಖರ್ಚನ್ನೂ ಡೈರಿಯಲ್ಲಿ ಬರೆದಿಡುವ ಮನುಷ್ಯ. ಅವರು ಹಾಕಿಸಿದ ಮೇಲೆ ಬೀದಿಯ ಮಾತೇ ಬದಲಾಯಿತು. "ಮೇಷ್ಟ್ರೇ ಹಾಕಿಸಿದ್ದಾರೆ ಅಂದರೆ ಲೆಕ್ಕ ಸರಿಯಾಗೇ ಇರಬೇಕು." ಹಳೇ ಬಿಲ್ ಒಂದು, ಹೊಸ ಬಿಲ್ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಗಿಲ ಹತ್ತಿರ ಇಟ್ಟಿದ್ದರು. ಕೇಳಿದವರಿಗೆಲ್ಲ ತಂದು ತೋರಿಸುತ್ತಿದ್ದರು. ಜನ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಹೋದರು.

ಅಂದರೆ ಯಾರು ಹಾಕಿಸಿದರು ಅನ್ನುವುದು ಮುಖ್ಯ. ನಮ್ಮಷ್ಟೇ ಆದಾಯದವರು, ನಮ್ಮಂಥದ್ದೇ ಮನೆಯವರು ಹಾಕಿಸಿದಾಗ "ಹಾಗಾದರೆ ನಾವೂ ಹಾಕಿಸಬಹುದು" ಎಂಬ ಧೈರ್ಯ ಬರುತ್ತದೆ.

ಇನ್ನೊಂದು ವಿಷಯ ಗಂಡಸರು ಗಮನಿಸುವುದಿಲ್ಲ. ಮೇಷ್ಟ್ರ ಹತ್ತಿರ ಜನ ಕೇಳುತ್ತಿದ್ದಿದ್ದು ಕಿಲೋವ್ಯಾಟ್, ಪ್ಯಾನೆಲ್ ಕರೆಂಟನ್ನು ಮನೆ ಬಳಕೆಗೆ ತಕ್ಕಂತೆ ಬದಲಾಯಿಸುವ ಇನ್ವರ್ಟರ್, ವಾರಂಟಿ. ಅವರ ಹೆಂಡತಿಯ ಹತ್ತಿರ ಬರುತ್ತಿದ್ದ ಪ್ರಶ್ನೆಗಳೇ ಬೇರೆ. ಬಟ್ಟೆ ಎಲ್ಲಿ ಒಣಗಿಸೋದು? ಹಪ್ಪಳ ಸಂಡಿಗೆ ಇಡೋದು ಎಲ್ಲಿ? ಪಾರಿವಾಳ ಬಂದು ಕೆಳಗೆ ಗೂಡು ಕಟ್ಟಲ್ವಾ? ದಿನಾ ತೊಳೀಬೇಕಾ? 2024ರ ಬೇಸಿಗೆಯಲ್ಲಿ ಒಂದು ಟ್ಯಾಂಕರ್ ನೀರಿಗೆ ಪರದಾಡಿದ ಊರು ನಮ್ಮದು. ಪ್ಯಾನೆಲ್ ತೊಳೆಯಲು ನೀರು ಎಲ್ಲಿಂದ ತರುವುದು ಎಂಬುದು ಸಣ್ಣ ಪ್ರಶ್ನೆಯಲ್ಲ. ಆಕೆ ತಾವೇ ಮಾಡಿ ತೋರಿಸಿದರು. ಬೆಳಗ್ಗೆ ಬಿಸಿಲೇರುವ ಮೊದಲು, ಪ್ಯಾನೆಲ್ ತಣ್ಣಗಿರುವಾಗ, ಬಕೆಟ್ ನೀರಿನಲ್ಲಿ ಮೆತ್ತನೆ ಬಟ್ಟೆ ಅದ್ದಿ ಒರೆಸಿದರೆ ಸಾಕು. ಮಳೆಗಾಲದಲ್ಲಿ ಅದೂ ಬೇಕಾಗುವುದಿಲ್ಲ. ಹಪ್ಪಳಕ್ಕೆ ನೀರಿನ ಟ್ಯಾಂಕಿನ ಪಕ್ಕ ಜಾಗ ಉಳಿಸಿಕೊಂಡಿದ್ದರು. 1 ಕಿಲೋವ್ಯಾಟಿಗೆ ನೆರಳಿಲ್ಲದ ಸುಮಾರು 100 ಚದರಡಿ ಬೇಕು. 3 ಕಿಲೋವ್ಯಾಟ್ ಹಾಕಿಸಿದರೂ 30-40ರ ಮನೆಯ ತಾರಸಿಯಲ್ಲಿ ಒಂದಷ್ಟು ಜಾಗ ಉಳಿಯುತ್ತದೆ. ಈ ಲೆಕ್ಕವನ್ನು ಕರಪತ್ರದಲ್ಲಿ ಓದುವುದಕ್ಕೂ ಅವರ ತಾರಸಿಯಲ್ಲಿ ನಿಂತು ಕಣ್ಣಾರೆ ನೋಡುವುದಕ್ಕೂ ತುಂಬಾ ವ್ಯತ್ಯಾಸವಿದೆ. ನಾನು ಒಪ್ಪಿದ್ದು ಅಲ್ಲಿ ನಿಂತಾಗ. ಮನೆಯಲ್ಲಿ ಇಂಥ ತೀರ್ಮಾನ ಆಗುವಾಗ ಹೆಂಗಸರ ಮಾತಿಗೆ ಎಷ್ಟು ತೂಕ ಇದೆ ಎಂಬುದು ಮಾರಾಟಕ್ಕೆ ಬರುವ ಹುಡುಗರಿಗೆ ಗೊತ್ತೇ ಇಲ್ಲ. ಬಂದವರು "ಸರ್ ಇದ್ದಾರಾ" ಅಂತಲೇ ಕೇಳುತ್ತಾರೆ.

ಇದು ನಮ್ಮ ಬೀದಿಯ ಕತೆ ಮಾತ್ರ ಅಲ್ಲ. ಅಮೆರಿಕದಲ್ಲಿ ಇದನ್ನು ಲೆಕ್ಕ ಹಾಕಿ ನೋಡಿದ್ದಾರೆ. ಬ್ರಯಾನ್ ಬೊಲಿಂಜರ್ ಮತ್ತು ಕೆನೆತ್ ಗಿಲ್ಲಿಂಗ್‌ಹ್ಯಾಮ್ ಎಂಬ ಇಬ್ಬರು ಸಂಶೋಧಕರು ಕ್ಯಾಲಿಫೋರ್ನಿಯಾದ ಮನೆಗಳ ಅಂಕಿಅಂಶ ಹಿಡಿದು 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದು ಪಿನ್‌ಕೋಡ್ ಪ್ರದೇಶದಲ್ಲಿ ಒಂದು ಮನೆಗೆ ಹೊಸದಾಗಿ ಸೋಲಾರ್ ಬಂದರೆ ಅದೇ ಪ್ರದೇಶದಲ್ಲಿ ಮತ್ತೊಂದು ಬರುವ ಸಾಧ್ಯತೆ 0.78 ಶೇಕಡಾ ಅಂಶದಷ್ಟು ಏರುತ್ತದೆ ಎಂದು ಅವರು ಕಂಡರು. ಕೇಳಲು ಸಣ್ಣ ಸಂಖ್ಯೆ. ಆದರೆ ಪ್ರತಿ ಹೊಸ ಮನೆಯೂ ಇಷ್ಟಿಷ್ಟು ಸೇರಿಸುತ್ತಾ ಹೋದರೆ ಅದು ಬೆಳೆಯುತ್ತದೆ, ಚಕ್ರಬಡ್ಡಿಯ ಹಾಗೆ. ಆಮೇಲೆ ಕನೆಕ್ಟಿಕಟ್ ಎಂಬ ರಾಜ್ಯದಲ್ಲಿ ನೋಡಿದಾಗ ಹತ್ತಿರದ ಮನೆಯ ಪ್ರಭಾವ ಜಾಸ್ತಿ, ದೂರ ಹೋದಷ್ಟೂ ಕಡಿಮೆ ಎಂದು ಗೊತ್ತಾಯಿತು. ಇತ್ತೀಚೆಗೆ ಹಾಕಿಸಿದವರ ಪ್ರಭಾವ ಜಾಸ್ತಿ, ಹಳೆಯದಾದಷ್ಟೂ ಕಡಿಮೆ.

ಅದೇ ಕನೆಕ್ಟಿಕಟ್‌ನಲ್ಲಿ ಊರೂರಿನ ಸ್ವಯಂಸೇವಕರನ್ನು ಹಿಡಿದು ಸೋಲಾರ್ ಪ್ರಚಾರ ಮಾಡಿಸಿದ್ದರು. 58 ಊರುಗಳ ಲೆಕ್ಕ ನೋಡಿದ ಅಧ್ಯಯನವೊಂದು 2018ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಆ ಯೋಜನೆಯಲ್ಲಿ ತಮ್ಮ ಮನೆಗೂ ಸೋಲಾರ್ ಹಾಕಿಸಿಕೊಂಡಿದ್ದ ಸ್ವಯಂಸೇವಕರು, ಹಾಕಿಸದೆ ಬರೀ ಪ್ರಚಾರ ಮಾಡಿದವರಿಗಿಂತ 62.8 ಶೇಕಡಾ ಜಾಸ್ತಿ ಜನರನ್ನು ಒಪ್ಪಿಸಿದ್ದರು. ಈ ಒಂದು ಸಂಖ್ಯೆಯನ್ನು ನಮ್ಮ ಅಧಿಕಾರಿಗಳು ತಮ್ಮ ಮೇಜಿನ ಮೇಲೆ ಬರೆದಿಟ್ಟುಕೊಳ್ಳಬೇಕು ಎಂದು ನನಗೆ ಅನ್ನಿಸುತ್ತದೆ. ನಮ್ಮಲ್ಲಿ ಸೋಲಾರ್ ಬಗ್ಗೆ ಭಾಷಣ ಮಾಡುವವರಲ್ಲಿ ಎಷ್ಟು ಜನರ ತಾರಸಿ ಮೇಲೆ ಪ್ಯಾನೆಲ್ ಇದೆ? ವೇದಿಕೆ ಮೇಲೆ ಕೂತವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದೇ.

ಆದರೆ ಅಲ್ಲಿಯದನ್ನು ಹಾಗೇ ಇಲ್ಲಿಗೆ ತಂದರೆ ನಡೆಯುವುದಿಲ್ಲ. ಅಲ್ಲಿನ ಮನೆಗಳಿಗೆ ಇಳಿಜಾರು ಚಾವಣಿ. ರಸ್ತೆಯಲ್ಲಿ ನಡೆದು ಹೋಗುವವರಿಗೆ ಪ್ಯಾನೆಲ್ ಕಾಣುತ್ತದೆ. ಹೀಗೆ ರಸ್ತೆಯಿಂದ ಕಾಣುವ ಪ್ಯಾನೆಲ್‌ಗಳ ಪ್ರಭಾವವೇ ಜಾಸ್ತಿ ಎಂದೂ ಅಲ್ಲಿನವರು ಕಂಡುಕೊಂಡಿದ್ದಾರೆ. ಬೆಂಗಳೂರಿನಲ್ಲಿ ನಮ್ಮದು ಸಮತಟ್ಟು ತಾರಸಿ. ಸುತ್ತ ಪ್ಯಾರಾಪೆಟ್ ಗೋಡೆ. ಪ್ಯಾನೆಲ್ ಅದರ ಹಿಂದೆ ಮಲಗಿರುತ್ತದೆ. ಕೆಳಗೆ ತರಕಾರಿ ಗಾಡಿ ಹತ್ತಿರ ನಿಂತವರಿಗೆ ಏನೂ ಕಾಣುವುದಿಲ್ಲ. ನಮ್ಮ ಹಿಂದಿನ ಬೀದಿಯಲ್ಲಿ ಒಂದು ಮನೆಯವರು ಬಹಳ ಕಾಲದಿಂದ ಸೋಲಾರ್ ಬಳಸುತ್ತಿದ್ದರು ಎಂದು ನನಗೆ ಗೊತ್ತಾಗಿದ್ದು ನಮ್ಮ ತಾರಸಿಗೆ ಪ್ಯಾನೆಲ್ ಬಂದ ಮೇಲೆ. ಅವರೇ ಬಂದು "ನಮ್ಮದೂ ಇದೆ" ಅಂದರು. ಅಷ್ಟು ವರ್ಷ ಆ ಮನೆಯ ಅನುಭವ ಯಾರಿಗೂ ಉಪಯೋಗಕ್ಕೆ ಬರಲಿಲ್ಲ. ಇದಕ್ಕಿಂತ ದೊಡ್ಡ ನಷ್ಟ ಇಲ್ಲ ಎನ್ನುತ್ತೇನೆ.

ಸೋಲಾರ್ ವಾಟರ್ ಹೀಟರ್ ನೆನಪು ಮಾಡಿಕೊಳ್ಳಿ. ದೇಶದಲ್ಲಿ ಅದನ್ನು ಮೊದಲು ಮನೆಮಾತು ಮಾಡಿಕೊಂಡ ಊರುಗಳಲ್ಲಿ ಬೆಂಗಳೂರು ಮುಂದು. ಹೇಗೆ ಹಬ್ಬಿತು? ಬಿಲ್‌ನಲ್ಲಿ ಯೂನಿಟ್‌ಗೆ 50 ಪೈಸೆ ರಿಯಾಯಿತಿ ಇತ್ತು, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ. ಆಮೇಲೆ ಹೊಸ ಮನೆಗೆ ಕಡ್ಡಾಯ ಅಂತ ನಿಯಮವೂ ಬಂತು. ಅವೆಲ್ಲ ಸಹಾಯ ಮಾಡಿದವು, ನಿಜ. ಆದರೆ ಅದಕ್ಕೂ ಮೊದಲೇ ನೆಂಟರ ಮನೆಗೆ ಹೋದವರು ಬೆಳಗ್ಗೆ ನಲ್ಲಿ ತಿರುಗಿಸಿದರೆ ಸುಡುಸುಡು ನೀರು ಬರುತ್ತಿತ್ತು. ಬಾಯ್ಲರಿಗೆ ಸೌದೆ ಇಲ್ಲ, ಗೀಸರ್ ಸ್ವಿಚ್ ಇಲ್ಲ. ಸ್ನಾನ ಮುಗಿಸಿ ಬಂದು "ಇದೇನು ಹಾಕಿಸಿದ್ದೀರಿ" ಎಂದು ಕೇಳದವರು ಯಾರು? ಮೇಲೆ ಸ್ಟ್ಯಾಂಡಿನ ಮೇಲೆ ಟ್ಯಾಂಕು ಬೇರೆ ಬೀದಿಗೆಲ್ಲ ಕಾಣುತ್ತಿತ್ತು. ಈಗಿನ ಸೋಲಾರ್ ಕರೆಂಟ್ ಹಾಗೆ ಮೈಗೆ ತಾಗುವುದಿಲ್ಲ. ಫ್ಯಾನ್ ಹಿಂದೆ ಹೇಗೆ ತಿರುಗುತ್ತಿತ್ತೋ ಈಗಲೂ ಹಾಗೇ ತಿರುಗುತ್ತದೆ. ಮನೆಗೆ ಬಂದವರಿಗೆ ಗೊತ್ತಾಗುವುದು ನಾವು ಹೇಳಿದರೆ ಮಾತ್ರ. ಅದಕ್ಕೇ ಹಾಕಿಸಿದವರು ಬಾಯಿ ಬಿಡಬೇಕು.

ಬಾಯಿಂದ ಬಾಯಿಗೆ ಹೋಗುವ ಮಾತಿಗೆ ಇನ್ನೊಂದು ಮುಖವೂ ಇದೆ. ಕೆಟ್ಟ ಸುದ್ದಿ ಒಳ್ಳೆ ಸುದ್ದಿಗಿಂತ ಬೇಗ ಓಡುತ್ತದೆ. ನಮ್ಮ ನೆಂಟರೊಬ್ಬರು ಮಾಗಡಿ ರಸ್ತೆ ಕಡೆ ಇದ್ದಾರೆ. ಅವರಿಗೆ ಹಾಕಿಕೊಟ್ಟ ಕಂಪನಿ ದುಡ್ಡು ತೆಗೆದುಕೊಳ್ಳುವ ತನಕ ಚೆನ್ನಾಗಿತ್ತು. ಇನ್ವರ್ಟರ್ ಕೆಟ್ಟಾಗ ಫೋನ್ ಎತ್ತುವವರು ಇರಲಿಲ್ಲ. ಅದು ವಾರಂಟಿ ಇರುವ ಇನ್ವರ್ಟರ್. ಆದರೂ ತಿಂಗಳುಗಟ್ಟಲೆ ಪ್ಯಾನೆಲ್ ಸುಮ್ನೆ ಬಿಸಿಲು ಕಾದುಕೊಂಡು ನಿಂತಿತ್ತು. ಆ ಬೀದಿಯಲ್ಲಿ ಹಾಕಿಸಬೇಕು ಎಂದುಕೊಂಡಿದ್ದ ಎಲ್ಲರೂ ಹಿಂದೆ ಸರಿದರು. ಅಲ್ಲಿ ಈಗ ಯಾವ ಸಬ್ಸಿಡಿ ಹೇಳಿದರೂ ಯಾರೂ ಕೇಳುವುದಿಲ್ಲ. ಒಬ್ಬ ಗ್ರಾಹಕರನ್ನು ಕೈಬಿಟ್ಟ ಕಂಪನಿ ಒಂದು ಬೀದಿಯನ್ನೇ ಕೆಡಿಸಿತು. ನೋಂದಾಯಿತ ಕಂಪನಿಗಳ ಪಟ್ಟಿ ಕೊಟ್ಟರೆ ಸಾಲದು. ಹಾಕಿಕೊಟ್ಟ ಮೇಲೆ ರಿಪೇರಿಗೆ ಎಷ್ಟು ದಿನದಲ್ಲಿ ಬಂದರು ಎಂಬುದನ್ನೂ ಆ ಪಟ್ಟಿಯಲ್ಲಿ ಹಾಕಬೇಕು. ಮೀಟರ್ ಬದಲಾಯಿಸುವ ವಿಷಯವೂ ಅಷ್ಟೇ. ನಮ್ಮ ಮನೆಯಲ್ಲಿ ಪ್ಯಾನೆಲ್ ಸಿದ್ಧವಾಗಿತ್ತು. ಲೈನಿನಿಂದ ನಾವು ತೆಗೆದುಕೊಂಡದ್ದು, ಲೈನಿಗೆ ಕೊಟ್ಟದ್ದು ಎರಡನ್ನೂ ಲೆಕ್ಕ ಹಿಡಿಯುವ ಮೀಟರ್ ಬರುವ ತನಕ ಕಾಯಬೇಕಾಯಿತು. ಆ ದಿನಗಳಲ್ಲಿ "ಏನಾಯ್ತು, ಶುರುವಾಯ್ತಾ?" ಎಂದು ಕೇಳಿದವರಿಗೆಲ್ಲ "ಇನ್ನೂ ಇಲ್ಲ" ಎಂದು ಹೇಳಬೇಕಿತ್ತು. ಒಂದೊಂದು "ಇನ್ನೂ ಇಲ್ಲ" ಕೂಡ ಒಂದೊಂದು ಮನೆಯನ್ನು ದೂರ ಮಾಡುತ್ತದೆ. ಕಚೇರಿಗಳಲ್ಲಿ ಕೂತವರಿಗೆ ಇದು ಒಂದು ಫೈಲ್ ತಡ ಅಷ್ಟೇ. ಬೀದಿಯಲ್ಲಿ ಅದರ ಬೆಲೆ ಬೇರೆ.

ತಪ್ಪು ಮಾತುಗಳೂ ಬಹಳ ಓಡಾಡುತ್ತಿವೆ. ಕೆಲವನ್ನು ಇಲ್ಲೇ ಹೇಳುತ್ತೇನೆ, ಓದಿದವರು ನಾಲ್ಕು ಜನಕ್ಕೆ ಹೇಳಲಿ.

ಕರೆಂಟ್ ಹೋದರೂ ಸೋಲಾರ್ ಮನೆಗೆ ಕರೆಂಟ್ ಇರುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ಬ್ಯಾಟರಿ ಇಲ್ಲದೆ ಬೆಸ್ಕಾಂ ಲೈನಿಗೆ ಜೋಡಿಸಿದ ಸಾಮಾನ್ಯ ವ್ಯವಸ್ಥೆಯಲ್ಲಿ ಹಾಗಾಗುವುದಿಲ್ಲ. ಲೈನಿನಲ್ಲಿ ಕರೆಂಟ್ ಹೋದ ಕೂಡಲೇ ಇನ್ವರ್ಟರ್ ತಾನಾಗಿ ನಿಲ್ಲುತ್ತದೆ. ಇಲ್ಲದಿದ್ದರೆ ನಮ್ಮ ತಾರಸಿಯಿಂದ ಹರಿದ ಕರೆಂಟ್ ಕಂಬದ ಮೇಲೆ ಕೆಲಸ ಮಾಡುತ್ತಿರುವ ಲೈನ್‌ಮನ್ ಜೀವ ತೆಗೆಯಬಹುದು. ಇದು ಅವರನ್ನು ಕಾಪಾಡಲು ಇಟ್ಟ ಏರ್ಪಾಡು. ಮೊದಲೇ ಹೇಳಿದರೆ ಯಾರೂ ಬೇಜಾರಾಗುವುದಿಲ್ಲ. ಹೇಳದೆ ಮಾರಿದರೆ ಮೊದಲ ಪವರ್ ಕಟ್ ದಿನವೇ "ಮೋಸ ಹೋದೆ" ಎಂದು ಬೀದಿಗೆಲ್ಲ ಹೇಳುತ್ತಾರೆ.

ಬೆಸ್ಕಾಂ ಯೂನಿಟ್‌ಗೆ 9 ರೂಪಾಯಿ ಕೊಟ್ಟು ಕೊಳ್ಳುತ್ತದೆ ಎಂಬ ಮಾತು ಇನ್ನೂ ನಡೆಯುತ್ತಿದೆ. ಅದು ಹಳೇ ಕತೆ. 2013ರಲ್ಲಿ ವಿದ್ಯುತ್ ನಿಯಂತ್ರಣ ಆಯೋಗ ಸಬ್ಸಿಡಿ ಪಡೆಯದ ತಾರಸಿ ಸೋಲಾರ್‌ಗೆ 9.56 ರೂಪಾಯಿ ದರ ಇಟ್ಟಿತ್ತು. ಆಗ ಪ್ಯಾನೆಲ್ ಬೆಲೆಯೂ ಜಾಸ್ತಿ ಇತ್ತು. ಆಮೇಲೆ ಹೊಸಬರಿಗೆ ದರ ಇಳಿಯುತ್ತಾ ಬಂತು. ಈಗ ಮನೆಗೆ ಹಾಕಿಸುವವರು ಮಾರಾಟದ ಆಸೆಯಿಂದ ಹಾಕಿಸಬಾರದು. ಹಗಲು ಉಳಿದದ್ದು ಲೈನಿಗೆ ಹೋಗುತ್ತದೆ, ರಾತ್ರಿ ನಾವು ಬಳಸಿದ್ದರಲ್ಲಿ ಅದು ವಜಾ ಆಗುತ್ತದೆ. ಲಾಭ ಇರುವುದು ಅಲ್ಲಿ. ನಿಗದಿತ ಶುಲ್ಕ ಮಾತ್ರ ಕಟ್ಟಲೇಬೇಕು, ಬಿಲ್ ಪೂರ್ತಿ ಸೊನ್ನೆ ಆಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಸಿಡಿಲು ಸೆಳೆಯುತ್ತದೆ ಎಂಬ ಹೆದರಿಕೆ ಹಿರಿಯರಲ್ಲಿ ಇದೆ. ಪ್ಯಾನೆಲ್ ಸಿಡಿಲನ್ನು ಕರೆಯುವುದಿಲ್ಲ. ಮಿಂಚು ನಿರೋಧಕ ಮತ್ತು ಅರ್ಥಿಂಗ್ ಸರಿಯಾಗಿ ಹಾಕಿದ್ದಾರಾ ಎಂದು ಮಾತ್ರ ನೋಡಿಕೊಳ್ಳಬೇಕು. ತಾರಸಿ ಸೋರುತ್ತದೆ ಎನ್ನುವವರಿಗೆ, ತಾರಸಿಗೆ ತೂತು ಕೊರೆಯದೆ ಕಾಂಕ್ರೀಟ್ ಕಟ್ಟೆಗಳ ಮೇಲೆ ಸ್ಟ್ಯಾಂಡ್ ನಿಲ್ಲಿಸಬಹುದು ಎಂದು ತೋರಿಸಿದರೆ ಸಾಕು. ಈಶಾನ್ಯದಲ್ಲಿ ಭಾರ ಇಡಬಾರದು ಎನ್ನುವವರನ್ನು ನಾನು ವಾದ ಮಾಡಿ ಗೆಲ್ಲಲು ಹೋಗುವುದಿಲ್ಲ. ಆ ಮೂಲೆ ಬಿಟ್ಟು ಹಾಕಿಸಿಕೊಳ್ಳಿ, ಸೂರ್ಯನಿಗೆ ಬೇಸರವಿಲ್ಲ ಎನ್ನುತ್ತೇನೆ. ಪ್ಯಾನೆಲ್ ಮುಖ ದಕ್ಷಿಣಕ್ಕೆ ಇದ್ದು, ನೆರಳು ಬೀಳದಿದ್ದರೆ ಆಯಿತು.

ಹಣದ ವಿಷಯ ಬೇಗ ಹೇಳಿಬಿಡುತ್ತೇನೆ. ಕೇಂದ್ರದ ಪಿಎಂ ಸೂರ್ಯ ಘರ್ ಯೋಜನೆ 2024ರ ಫೆಬ್ರವರಿಯಲ್ಲಿ ಬಂತು. 1 ಕೋಟಿ ಮನೆಗಳ ಗುರಿ. ಮೊದಲ 2 ಕಿಲೋವ್ಯಾಟಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000. ಅಲ್ಲಿಗೆ 78,000. ಅದಕ್ಕಿಂತ ದೊಡ್ಡದು ಹಾಕಿಸಿದರೂ ಅಷ್ಟೇ. ನಮ್ಮ 3 ಕಿಲೋವ್ಯಾಟಿಗೆ ಎರಡು ಲಕ್ಷದ ಹತ್ತಿರ ಖರ್ಚಾಯಿತು. ಸಬ್ಸಿಡಿ ಆಮೇಲೆ ಖಾತೆಗೆ ಬಂತು. ಒಳ್ಳೆ ಬಿಸಿಲಿದ್ದರೆ ಕಿಲೋವ್ಯಾಟಿಗೆ ದಿನಕ್ಕೆ ಸುಮಾರು 4 ಯೂನಿಟ್. ಫೆಬ್ರವರಿ, ಮಾರ್ಚಿನಲ್ಲಿ ಸಂತೋಷ. ಜುಲೈ, ಆಗಸ್ಟಿನ ಮೋಡದ ದಿನಗಳಲ್ಲಿ ಕಡಿಮೆ. ಯೂನಿಟ್‌ಗೆ 6 ರೂಪಾಯಿ ಆಸುಪಾಸು ಹಿಡಿದರೆ, ಸಬ್ಸಿಡಿ ಕಳೆದು ನಾವು ಹಾಕಿದ ದುಡ್ಡು ಐದಾರು ವರ್ಷದಲ್ಲಿ ವಾಪಸ್ ಬರುತ್ತದೆ. ಪ್ಯಾನೆಲ್‌ಗೆ 25 ವರ್ಷದ ವಾರಂಟಿ ಕೊಡುತ್ತಾರೆ. ಸಬ್ಸಿಡಿ ಬರುವುದು ಕೆಲಸ ಮುಗಿದ ಮೇಲೆ ಆದ್ದರಿಂದ ಮೊದಲು ಕೈಯಿಂದ ಹಾಕಬೇಕು. ಅಡಮಾನವಿಲ್ಲದ ಬ್ಯಾಂಕ್ ಸಾಲ ಇದೆ. ನಮ್ಮ ಬೀದಿಯಲ್ಲಿ ಒಬ್ಬಾಕೆ ಹೆಂಗಸರ ಚೀಟಿ ಎತ್ತಿ ಹಾಕಿಸಿದರು. ಅದೇ ಚೀಟಿಯ ಉಳಿದವರಿಗೆಲ್ಲ ಅವರ ತಾರಸಿಯೇ ಪಾಠಶಾಲೆ ಆಯಿತು.

ಗೃಹಜ್ಯೋತಿ ಬಂದ ಮೇಲೆ ಸೋಲಾರ್ ಯಾರಿಗೆ ಬೇಕು ಎನ್ನುವವರಿದ್ದಾರೆ. 2023ರ ಜುಲೈನಿಂದ 200 ಯೂನಿಟ್ ಒಳಗೆ ಬಳಸುವ ಮನೆಗಳಿಗೆ, ಹಿಂದಿನ ಸರಾಸರಿ ಬಳಕೆ ಲೆಕ್ಕ ಹಿಡಿದು, ಉಚಿತ ಕರೆಂಟ್ ಸಿಗುತ್ತಿದೆ. ಚಿಕ್ಕ ಸಂಸಾರಗಳಿಗೆ, ಬಾಡಿಗೆ ಮನೆಯವರಿಗೆ ಅದು ದೊಡ್ಡ ಆಸರೆ. ಅವರ ಹಿಂದೆ ಬಿದ್ದು ಸೋಲಾರ್ ಹಾಕಿಸಿ ಎನ್ನುವುದು ನ್ಯಾಯವಲ್ಲ. ನಾನು ಹೇಳುತ್ತಿರುವುದು 200 ದಾಟಿ ಪೂರ್ತಿ ಬಿಲ್ ಕಟ್ಟುತ್ತಿರುವ ಮನೆಗಳ ಬಗ್ಗೆ. ಇಂಡಕ್ಷನ್ ಒಲೆ, ಮಗನ ಎಲೆಕ್ಟ್ರಿಕ್ ಸ್ಕೂಟರ್, ಈಚಿನ ಬೇಸಿಗೆಗಳಿಗೆ ಹೆದರಿ ತಂದ ಎಸಿ. ಕತ್ರಿಗುಪ್ಪೆ, ಬಸವನಗುಡಿ, ವಿಜಯನಗರ, ರಾಜಾಜಿನಗರದಲ್ಲಿ ಇಂಥ ಸ್ವಂತ ಮನೆಗಳು ಬೀದಿ ಬೀದಿಯಲ್ಲೂ ಇವೆ. ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಕಟ್ಟಿದ ರಾಜ್ಯ ನಮ್ಮದು. ರೈತರು ಜಮೀನು ಗುತ್ತಿಗೆಗೆ ಕೊಟ್ಟಿದ್ದಾರೆ. ಮನೆ ತಾರಸಿಯ ವಿಷಯಕ್ಕೆ ಬಂದರೆ ಗುಜರಾತ್, ಮಹಾರಾಷ್ಟ್ರ, ಕೇರಳ ನಮಗಿಂತ ಮುಂದೆ ಇವೆ. ಬೆಂಗಳೂರಿನಲ್ಲೂ ಬಿಸಿಲಿಗೆ ಕೊರತೆಯೇನಿಲ್ಲ.

ಈಗ ಏನು ಮಾಡಬಹುದು? ನನಗೆ ತೋಚಿದ್ದು ಹೇಳುತ್ತೇನೆ.

ಬೆಸ್ಕಾಂ ಪ್ರತಿ ತಿಂಗಳೂ ಮನೆ ಮನೆಗೆ ಬಿಲ್ ಕೊಡುತ್ತದೆ. ಅದರಲ್ಲಿ ಒಂದು ಸಾಲು ಸೇರಿಸಲಿ: "ನಿಮ್ಮ ಟ್ರಾನ್ಸ್‌ಫಾರ್ಮರ್ ವ್ಯಾಪ್ತಿಯಲ್ಲಿ ಇಷ್ಟು ಮನೆಗಳಲ್ಲಿ ಸೋಲಾರ್ ಇದೆ." ಯಾರ ಹೆಸರೂ ಬೇಡ. ತಾರಸಿ ಕಾಣದ ಊರಿನಲ್ಲಿ ಆ ಒಂದು ಸಾಲು ಸಾಕು, ಜನ ಯಾರದು ಎಂದು ಹುಡುಕಿಕೊಂಡು ಹೋಗುತ್ತಾರೆ. ಹಾಕಿಸಿದ ಮನೆಗಳಿಗೆ ಗೇಟಿನ ಮೇಲೆ ಅಂಟಿಸುವ ಸಣ್ಣ ಫಲಕ ಕೊಡಲಿ. ಇಷ್ಟವಿದ್ದವರು ಹಾಕಿಕೊಳ್ಳುತ್ತಾರೆ. ನಮ್ಮ ಗೇಟಿಗೆ ನಾನೇ ಬರೆಸಿ ಹಾಕಿದ್ದೇನೆ: "ಈ ಮನೆಗೆ ಸೋಲಾರ್ ಇದೆ. ವಿಚಾರಿಸಬೇಕಿದ್ದರೆ ಬನ್ನಿ." ಕೊರಿಯರ್ ಹುಡುಗ ಕೂಡ ನಿಂತು ಕೇಳುತ್ತಾನೆ.

ಏರಿಯಾದ ಎಲೆಕ್ಟ್ರಿಷಿಯನ್‌ಗಳನ್ನು ಮರೆಯಬಾರದು. ಫ್ಯಾನ್ ರಿಪೇರಿಗೆ, ಮೋಟರ್ ಕೆಟ್ಟಾಗ ನಾವು ಕರೆಯುವುದು ಅವರನ್ನೇ. ಮಧ್ಯಮ ವರ್ಗದ ಮನೆಗಳಲ್ಲಿ ಸೋಲಾರ್ ಬಗ್ಗೆ ಕೊನೆಯ ಮಾತು ಅವರದ್ದು. ಅವರು "ಬೇಡ ಮೇಡಂ, ತಲೆನೋವು" ಅಂದರೆ ಅಲ್ಲಿಗೆ ಮುಗಿಯಿತು. ಅವರಿಗೆ ಸರಿಯಾದ ತರಬೇತಿ ಕೊಟ್ಟು, ಸಣ್ಣ ರಿಪೇರಿಗಳ ಕೆಲಸವೂ ಅವರಿಗೇ ಸಿಗುವಂತೆ ಮಾಡಿದರೆ ಅವರಿಗೂ ಅನ್ನ, ನಮಗೂ ಧೈರ್ಯ. ಊರಿನ ಯಾವ ಮೂಲೆಯಲ್ಲೋ ಕಚೇರಿ ಇರುವ ಕಂಪನಿಗಿಂತ ಮುಂದಿನ ಕ್ರಾಸಿನ ಹುಡುಗ ಬೇಗ ಬರುತ್ತಾನೆ, ಅಲ್ವಾ?

ಬಡಾವಣೆಯ ನಿವಾಸಿಗಳ ಸಂಘಗಳು ಹತ್ತು ಹದಿನೈದು ಮನೆ ಸೇರಿಸಿ ಒಟ್ಟಿಗೆ ದರ ಕೇಳಬಹುದು. ಒಟ್ಟಾಗಿ ಕೇಳಿದಾಗ ಕಂಪನಿಗೆ ಓಡಿಹೋಗುವುದೂ ಕಷ್ಟ. ಅಪಾರ್ಟ್‌ಮೆಂಟ್ ಸಂಘಗಳಿಗೆ ಲಿಫ್ಟ್, ನೀರಿನ ಪಂಪ್, ವಾಹನ ಚಾರ್ಜಿಂಗ್‌ನಂಥ ಸಾಮಾನ್ಯ ಸೌಲಭ್ಯಗಳಿಗೆ ಕಿಲೋವ್ಯಾಟಿಗೆ 18,000 ರೂಪಾಯಿ ಸಬ್ಸಿಡಿ ಇದೆ. ಸಂಘದ ಸಭೆಯಲ್ಲಿ ಇದನ್ನು ಹೇಳಲು ಹೊರಗಿನವರನ್ನು ಕರೆಯಬೇಡಿ. ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಹಾಕಿಸಿದವರಿದ್ದರೆ ಅವರನ್ನು ಕರೆಯಿರಿ. ನಿರ್ವಹಣಾ ಶುಲ್ಕದಲ್ಲಿ ಎಷ್ಟು ವ್ಯತ್ಯಾಸ ಬಂತು ಎಂದು ಅವರೇ ಹೇಳಲಿ.

ಇನ್ನು ಒಂದು ದಿನ ಗೊತ್ತು ಮಾಡೋಣ. ರಥಸಪ್ತಮಿಗಿಂತ ಒಳ್ಳೆಯ ದಿನ ಯಾವುದಿದೆ? ಸೂರ್ಯನ ಹಬ್ಬ. ಎಕ್ಕದ ಎಲೆ ಇಟ್ಟುಕೊಂಡು ಸ್ನಾನ ಮಾಡುತ್ತೇವೆ. ಪಾರ್ಕುಗಳಲ್ಲಿ ಜನ ಸೇರಿ ಸೂರ್ಯ ನಮಸ್ಕಾರ ಮಾಡುತ್ತಾರೆ. ಬೆಂಗಳೂರಿನಲ್ಲಿ ಆ ಹೊತ್ತಿಗೆ ಬಿಸಿಲೂ ಚೆನ್ನಾಗಿ ಏರಿರುತ್ತದೆ. ಅವತ್ತು ಸೋಲಾರ್ ಇರುವ ಪ್ರತಿ ಮನೆಯೂ ತಾರಸಿ ಬಾಗಿಲು ತೆರೆದಿಡಲಿ. ಇನ್ವರ್ಟರಿನ ಮೊಬೈಲ್ ಆ್ಯಪ್‌ನಲ್ಲಿ ಆ ಕ್ಷಣ ಎಷ್ಟು ಕರೆಂಟ್ ಬರುತ್ತಿದೆ ಎಂದು ಬಂದವರಿಗೆ ತೋರಿಸಲಿ. ನಮ್ಮ ಬೀದಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಈಗಲೇ ಸಂಜೆ "ಇವತ್ತು ನಿಮ್ಮದು ಎಷ್ಟು ಯೂನಿಟ್?" ಎಂಬ ಮಾತು ನಡೆಯುತ್ತದೆ. ಹಾಕಿಸದವರೂ ಅದನ್ನು ಓದುತ್ತಾರೆ. ಕೆಲವರು ಸುಮ್ನೆ ಓದುತ್ತಾರೆ, ಕೆಲವರು ಆಮೇಲೆ ನನಗೆ ಒಬ್ಬರೇ ಫೋನ್ ಮಾಡುತ್ತಾರೆ.

ಎಲ್ಲ ಕಡೆಯೂ ಇದು ಸಾಧ್ಯವಿಲ್ಲ. ಪಕ್ಕದ ಸೈಟಿನಲ್ಲಿ ನಾಲ್ಕಂತಸ್ತು ಎದ್ದರೆ ನಮ್ಮ ತಾರಸಿಯ ಬಿಸಿಲು ಹೋಗುತ್ತದೆ. ಕಟ್ಟುವವರು ಬೇಕೆಂದು ಮಾಡುವುದಿಲ್ಲ, ಆದರೆ ಬಿಸಿಲು ಹೋಗುವುದು ನಿಜ. ಅದಕ್ಕೆ ನೆರೆಯವರು ಮೊದಲೇ ಮಾತಾಡಿಕೊಳ್ಳುವುದು ಬಿಟ್ಟರೆ ಸದ್ಯಕ್ಕೆ ನನಗೆ ದಾರಿ ಕಾಣುತ್ತಿಲ್ಲ. ಮಾಲೀಕರು ಕೆಳಗೆ, ಬಾಡಿಗೆಯವರು ಮೇಲೆ ಇರುವ ಮನೆಗಳಲ್ಲಿ ಬಿಲ್ ಕಟ್ಟುವವರು ಒಬ್ಬರು, ತಾರಸಿ ಇರುವುದು ಇನ್ನೊಬ್ಬರದ್ದು. ಮರದ ನೆರಳು ಬೀಳುವ ಮನೆಯವರಿಗೆ ನನ್ನ ಮಾತು ಒಂದೇ: ದಯವಿಟ್ಟು ಮರ ಕಡಿಯಬೇಡಿ, ಸೋಲಾರ್ ಬಿಡಿ.

ಕೊನೆಯದಾಗಿ ನಿಮ್ಮ ಪತ್ರಿಕೆಗೆ ಒಂದು ವಿನಂತಿ. ವಾರಕ್ಕೊಂದು ಸೋಲಾರ್ ಮನೆಯ ವರ್ಷದ ಬಿಲ್‌ಗಳನ್ನು ಪ್ರಕಟಿಸಿ. ಮನೆಯಲ್ಲಿ ಎಷ್ಟು ಜನ, ಎಷ್ಟು ಕಿಲೋವ್ಯಾಟ್, ಯಾವ ತಿಂಗಳು ಎಷ್ಟು ಬಂತು, ರಿಪೇರಿ ಏನಾಯಿತು, ಯಾವುದರಲ್ಲಿ ಬೇಸರವಾಯಿತು, ಎಲ್ಲ ಹಾಕಿ. ಒಳ್ಳೆಯದು ಮಾತ್ರ ಹಾಕಿದರೆ ಅದು ಜಾಹೀರಾತು ಆಗುತ್ತದೆ, ಜನ ನಂಬುವುದಿಲ್ಲ. ನಮ್ಮ ಮನೆಯ ಬಿಲ್‌ಗಳ ನಕಲು, ಖಾತೆ ಸಂಖ್ಯೆ ಮುಚ್ಚಿ, ಈ ಪತ್ರದ ಜೊತೆ ಇಟ್ಟಿದ್ದೇನೆ. ಮಳೆಗಾಲದ ತಿಂಗಳುಗಳದ್ದೂ ಸೇರಿವೆ. ಮೇಷ್ಟ್ರೂ ತಮ್ಮದನ್ನು ಕೊಡಲು ಒಪ್ಪಿದ್ದಾರೆ.

ಇಂತಿ,
ನಿಮ್ಮ ಓದುಗಿ, ನಿವೃತ್ತ ಬ್ಯಾಂಕ್ ಉದ್ಯೋಗಿ
ಕತ್ರಿಗುಪ್ಪೆ, ಬೆಂಗಳೂರು